ಕಾಳುಮೆಣಸು, ಧೂಪ, ಹಳೇ ಹಡಗು: ಯಾವ ಸೆಂಟು ಯಾರಿಗೆ?

ಏಪ್ರಿಲ್‌ನಿಂದ ಈಚೆಗೆ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದ್ದಾರೆ. ಮೊದಲನೆಯವನು ಅಕ್ಕನ ಮಗ. ಮೇ ತಿಂಗಳಲ್ಲಿ ಕುಮಟಾದಲ್ಲಿ ಅವನ ಮದುವೆ ಇತ್ತು. "ಚಿಕ್ಕಿ, ಕಾಳುಮೆಣಸು, ಲವಂಗ, ಧೂಪ ಎಲ್ಲ ಸೇರಿದ ಹಾಗಿರೋ ಸೆಂಟು ಯಾವುದು? ಎರಡು ಸಾವಿರದ ಒಳಗೆ ಹೇಳು" ಎಂದ. ಎರಡನೆಯವರು ಕಾರವಾರದ ನಮ್ಮ ಆಫೀಸಿನವರೇ. ಇಡೀ ದಿನ ಎಸಿಯಲ್ಲಿ ಕೂರುತ್ತಾರೆ, ಪಕ್ಕದ ಟೇಬಲ್ಲಿಗೆ ಮೂರು ಅಡಿ ಅಂತರ. ಮೂರನೆಯವಳು ಶಿರಸಿಯ ಗೆಳತಿ. ಅವಳಿಗೆ ಬೇಕಾದದ್ದು ತನಗಾಗಿ, ಮಳೆಗಾಲದ ಸಂಜೆಗೆ. ಬೇರೆ ಯಾರಿಗೂ ಗೊತ್ತಾಗದಿದ್ದರೂ ಅಡ್ಡಿಯಿಲ್ಲ ಎನ್ನುತ್ತಾಳೆ.

ಮೂವರಿಗೂ ಮಲ್ಲಿಗೆ ಬೇಡ, ಸಮುದ್ರದ ಗಾಳಿ ಅಂತ ಹೇಳಿಕೊಂಡು ಬರುವ ನೀಲಿ ಬಾಟಲಿಯೂ ಬೇಡ. ಹಳೇ ಕಾಲದ ಹಡಗಿನ ಸರಕಿನ ವಾಸನೆ ಬೇಕು. ಆದರೆ ಮೂವರಿಗೂ ಒಂದೇ ಹೆಸರು ಹೇಳಿದ್ದರೆ ಇಬ್ಬರಾದರೂ ನನ್ನನ್ನು ಬೈಯುತ್ತಿದ್ದರು. ನನ್ನ ತವರು ಶಿರಸಿ ಕಡೆ, ಗಂಡನ ಮನೆ ಕಾರವಾರ. ಘಟ್ಟದ ಮೇಲೆ ಚಂದ ಅನ್ನಿಸಿದ ಸೆಂಟು ಘಟ್ಟ ಇಳಿದ ಮೇಲೆ ತಲೆನೋವು ತಂದಿದ್ದು ಒಂದೆರಡು ಸಲ ಅಲ್ಲ.

ಮೊದಲು ಕುಟ್ಟಾಣಿ ತಗೊಳ್ಳಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಕುಟ್ಟಾಣಿಗೆ ನಾಲ್ಕು ಕಾಳುಮೆಣಸು ಹಾಕಿ ಒಂದೇ ಪೆಟ್ಟು ಕೊಡಿ. ಪುಡಿ ಆಗಬಾರದು, ಕಾಳು ಬಿರಿದರೆ ಸಾಕು. ತಕ್ಷಣ ಮೂಸಿ. ಮೊದಲು ಬರುವುದು ಖಾರ ಅಲ್ಲ. ನಿಂಬೆಸಿಪ್ಪೆ ಹಿಂಡಿದ ಹಾಗೆ ಒಂದು ಚುರುಕು. ಅದರ ಹಿಂದೆ ಆಗಷ್ಟೇ ಸೀಳಿದ ಕಟ್ಟಿಗೆಯ ವಾಸನೆ. ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿದರೆ ನಿಂಬೆ ಹೋಗಿರುತ್ತದೆ, ಕಟ್ಟಿಗೆ ಮಾತ್ರ ಇರುತ್ತದೆ. ಮರುದಿನ ಹೆಚ್ಚೇನೂ ಉಳಿದಿರುವುದಿಲ್ಲ.

ನಾಲಿಗೆ ಸುಡುವುದು ಪೈಪರಿನ್. ಅದು ಗಾಳಿಗೆ ಹಾರುವ ವಸ್ತುವಲ್ಲ. ಮೆಣಸಿನ ಎಣ್ಣೆ ಭಟ್ಟಿ ಇಳಿಸುವಾಗ ಅದು ಪಾತ್ರೆಯಲ್ಲೇ ಉಳಿಯುತ್ತದೆ. ಸೆಂಟಿನ ಬಾಟಲಿಗೆ ಹೋಗುವುದು ಪೈನೀನ್, ಲಿಮೊನೀನ್, ಕ್ಯಾರಿಯೋಫಿಲೀನ್ ಥರದ ಹಗುರ ಎಣ್ಣೆಗಳು. ಹಗುರ ಆಗಿರುವುದರಿಂದಲೇ ಬೇಗ ಹಾರಿಹೋಗುತ್ತವೆ.

ಈಗ ಒಂದು ಚೂರು ಲೋಬಾನವನ್ನು ಕೆಂಡದ ಮೇಲೆ ಇಡಿ. ನಾಳೆ, ನಾಡಿದ್ದು ಕೂಡ ಕಿಟಕಿಯ ಪರದೆಯಲ್ಲಿ ಅದರ ವಾಸನೆ ಕೂತಿರುತ್ತದೆ. ರಾಳದ ಕಣಗಳು ಭಾರ, ನಿಧಾನಕ್ಕೆ ಏಳುತ್ತವೆ. ಮೈಮೇಲೂ ಹೀಗೇ. ಮೆಣಸಿನ ಆಟ ಮೊದಲ ಅರ್ಧ ಮುಕ್ಕಾಲು ಗಂಟೆ. ಆಮೇಲೆ ಸಂಜೆಯವರೆಗೆ ನೀವು ಇರುವುದು ರಾಳದ ಜೊತೆ. ಅದಕ್ಕೇ ಯಾರು ಕೇಳಿದರೂ ನಾನು ಮೊದಲು ನೋಡುವುದು ಮೆಣಸು ಎಷ್ಟಿದೆ ಎಂದಲ್ಲ, ತಳದಲ್ಲಿ ಯಾವ ರಾಳ ಇದೆ ಎಂದು.

ನಮ್ಮ ಬಂದರುಗಳ ಕಥೆಯೂ ಹೀಗೇ ಅಲ್ವಾ? ಇಂಥ ಸೆಂಟಿನ ಡಬ್ಬಿ ಮೇಲೆ ಹಡಗು, ಒಂಟೆ, ಹಳೇ ನಕ್ಷೆ ಇರುತ್ತವೆ. ಕುಮಟಾದಿಂದ ಹತ್ತು ಹನ್ನೊಂದು ಕಿಲೋಮೀಟರ್ ಹೋದರೆ, ಮೆಣಸು ಹಡಗು ಹತ್ತುತ್ತಿದ್ದ ಮಿರ್ಜಾನ ಕೋಟೆ. 16ನೇ ಶತಮಾನದಲ್ಲಿ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದಿದ್ದೂ ಮೆಣಸಿನ ಆಸೆಗೆ. ಭಟ್ಕಳದಲ್ಲಿ ವಿಜಯನಗರಕ್ಕೆ ಹೋಗುವ ಅರಬ್ಬಿ ಕುದುರೆ ಇಳಿಯುತ್ತಿತ್ತು. ಮೆಣಸು ಹಡಗು ಹತ್ತಿ ಹೋಯಿತು. ಅರಬ್ಬೀ ಕಡೆಯಿಂದ ಬಂದ ಧೂಪ ಇಲ್ಲೇ ಉಳಿಯಿತು. ಲೋಬಾನ ಎಂಬ ಹೆಸರೇ ಅರಬ್ಬಿಯ ಲುಬಾನ್. ಈಗ ಅಂಗಡಿಯಲ್ಲಿ ಲೋಬಾನ, ಸಾಂಬ್ರಾಣಿ ಅಂತ ಸಿಗುವುದು ಹೆಚ್ಚಾಗಿ ಬೆಂಜೋಯಿನ್, ಸುಮಾತ್ರಾ ಕಡೆಯ ಮರದ್ದು. ಅರಬರು ಅದನ್ನು ಜಾವಾದ ಲುಬಾನ್ ಎನ್ನುತ್ತಿದ್ದರು. ಬಾಯಿಂದ ಬಾಯಿಗೆ ಸವೆದು ಆ ಹೆಸರೇ ಬೆಂಜೋಯಿನ್ ಆಗಿದೆ.

ಯಾವುದರಿಂದ ಅಳೆಯಬೇಕು

ನನ್ನ ಮೊದಲ ಅಳತೆ ಹವೆ. ಇದಕ್ಕಾಗಿ ನಾಲ್ಕು ರಾಳ ಗುರುತಿಟ್ಟುಕೊಂಡರೆ ಸಾಕು. ಓಮಾನ್, ಸೊಮಾಲಿಯಾ ಕಡೆಯ ಲುಬಾನ್ ಒಣ ವಾಸನೆಯದು. ನಿಂಬೆ, ಕರ್ಪೂರ ಸೇರಿದ ಹಾಗೆ ತಂಪು. ಬೆಂಜೋಯಿನ್ ಸಿಹಿ, ವೆನಿಲ್ಲಾ ಹತ್ತಿರದ್ದು. ಬೋಳ ಕಹಿ, ಆಯುರ್ವೇದದ ಅಂಗಡಿ ನೆನಪಾಗುತ್ತದೆ. ಲ್ಯಾಬ್ಡನಂ ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಅಂಟು. ಜೋನಿಬೆಲ್ಲ ತಳ ಹಿಡಿದರೆ ಬರುವ ವಾಸನೆ ಗೊತ್ತಲ್ಲ, ಅದರ ಜೊತೆ ಸ್ವಲ್ಪ ಹೊಸ ಚಪ್ಪಲಿಯ ಚರ್ಮ. ಡಬ್ಬಿ ಮೇಲೆ ಅಂಬರ್ ಎಂದಿದ್ದರೆ ಸಾಮಾನ್ಯವಾಗಿ ಲ್ಯಾಬ್ಡನಂ, ಬೆಂಜೋಯಿನ್, ವೆನಿಲ್ಲಾ ಸೇರಿಸಿದ್ದು ಅಂತ ತಿಳಿಯಿರಿ.

ಕಾರವಾರ, ಕುಮಟಾ, ಹೊನ್ನಾವರದ ಸೆಕೆಯಲ್ಲಿ ಸಿಹಿ ರಾಳ ಬೆವರಿನ ಜೊತೆ ಸೇರಿ ಕುತ್ತಿಗೆಗೆ ಪಾಕ ಸುರಿದ ಹಾಗಾಗುತ್ತದೆ. ಒಣ ಲುಬಾನ್ ಮಾತ್ರ ಅಲ್ಲಿ ತಾಳಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರದ ಜುಲೈ ಚಳಿಯಲ್ಲಿ ಇದೇ ಲೆಕ್ಕ ತಿರುಗುಮುರುಗು. ಅಲ್ಲಿ ಲುಬಾನ್ ತೆಳ್ಳಗೆ ಅನ್ನಿಸುತ್ತದೆ, ಅಂಬರ್ ಶಾಲು ಹೊದ್ದ ಹಾಗಿರುತ್ತದೆ.

ಎರಡನೆಯದು ಪಕ್ಕದವರ ಮೂಗು. ಇದನ್ನು ನಾನು ಕಲಿತದ್ದು ದೇವಿಮನೆ ಘಟ್ಟದಲ್ಲಿ. ಗಲ್ಫಿನ ಊದ್ (ಅಗರು) ಸ್ಪ್ರೇ ಧಾರಾಳವಾಗಿ ಹೊಡೆದುಕೊಂಡು ಶಿರಸಿ ಬಸ್ ಹತ್ತಿದ್ದೆ. ಹೊರಗೆ ಮಳೆ, ಕಿಟಕಿ ಎಲ್ಲ ಹಾಕಿತ್ತು. ನಾಲ್ಕನೇ ತಿರುವಿನಲ್ಲಿ ಮುಂದಿನ ಸೀಟಿನ ಮಗು ವಾಂತಿ ಮಾಡಿಕೊಂಡಿತು. ಅದರ ತಾಯಿ ಏನೂ ಹೇಳಲಿಲ್ಲ, ಮೂಗಿಗೆ ಸೆರಗು ಹಿಡಿದುಕೊಂಡು ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದಳು. ಮಳೆ ಒಳಗೆ ಹೊಡೆಯುತ್ತಿದ್ದರೂ ನಾನೇ ಕಿಟಕಿ ಸರಿಸಿ, ಶಿರಸಿ ಬರುವವರೆಗೆ ಒದ್ದೆಯಾಗಿ ಕೂತೆ.

ಮೂರನೆಯದು ದಿನದ ಖರ್ಚು. ಬಾಟಲಿಯ ಬೆಲೆ ನೋಡಿ ಹೆದರುವುದು ಅಥವಾ ಖುಷಿಪಡುವುದು ಎರಡೂ ತಪ್ಪು. ಇದರ ಲೆಕ್ಕ ಮುಂದೆ ಮಾಡೋಣ. ಕೊನೆಯದು ಚರ್ಮ ಮತ್ತು ಬಟ್ಟೆ. ಲವಂಗದ ಯುಜಿನಾಲ್, ದಾಲ್ಚಿನ್ನಿಯ ಎಣ್ಣೆ ಎರಡೂ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಎಣ್ಣೆ ಸೆಂಟು ರೇಷ್ಮೆಗೆ ಆಗುವುದಿಲ್ಲ.

ಶಮಾಮ ಅತ್ತರು

ಕನೌಜಿನ ಶಮಾಮ ಒಂದು ವಸ್ತುವಿನ ಅತ್ತರು ಅಲ್ಲ. ಲವಂಗ, ಏಲಕ್ಕಿ, ಜಾಯಿಕಾಯಿ, ಜಾಪತ್ರೆ, ಜಟಾಮಾಂಸಿ, ನಾಗರಮೋಥಾ, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು, ಕೆಲವು ರಾಳ, ಹೀಗೆ ಹತ್ತಾರು ಸಾಮಾನು ಸೇರುತ್ತವೆ. ತಾಮ್ರದ ಹಂಡೆಯಲ್ಲಿ ಕುದಿಸಿ, ಬಿದಿರಿನ ಕೊಳವೆಯಲ್ಲಿ ಆವಿ ಹಾಯಿಸಿ, ನೀರಿನಲ್ಲಿ ತಣ್ಣಗೆ ಕೂತ ಇನ್ನೊಂದು ತಾಮ್ರದ ಪಾತ್ರೆಯಲ್ಲಿ ಹಿಡಿಯುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಆವಿಯ ಪರಿಮಳವನ್ನು ಅದು ಕುಡಿದುಕೊಳ್ಳುತ್ತದೆ. ಒಂದೊಂದು ಮನೆತನದ ಪಾಕ ಒಂದೊಂದು ಥರ, ನಮ್ಮಲ್ಲಿ ಸಾರಿನ ಪುಡಿ ಇದ್ದ ಹಾಗೆ.

ಒಳ್ಳೆಯ ಶಮಾಮ ಹಚ್ಚಿದ ತಕ್ಷಣ ಚೆನ್ನಾಗಿರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಪಾಟಿನ, ಕಷಾಯದ ವಾಸನೆ. ನಾನು ಮೊದಲ ಸಲ ಹಚ್ಚಿಕೊಂಡಾಗ ನಮ್ಮತ್ತೆ, "ಎಂತದೇ ಇದು, ಮಠಕ್ಕೆ ಹೋಗಿ ಬಂದ್ಯ?" ಎಂದರು. ಅರ್ಧ ಗಂಟೆ ಕಳೆದ ಮೇಲೆ ಮಸಾಲೆ ಕರಗಿ, ತೇವದ ಮಣ್ಣು, ಗಂಧ, ಧೂಪ ಒಂದಾಗುತ್ತವೆ. ಅದು ಮರುದಿನ ಸ್ನಾನದವರೆಗೂ ಇರುತ್ತದೆ. ಗೊಡವೆ ಇಲ್ಲದ ವಾಸನೆ, ಒಂದು ಮೊಳ ದೂರಕ್ಕೂ ಹೋಗುವುದಿಲ್ಲ. ಪಕ್ಕದವರ ಮೂಗಿನ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಆಲ್ಕೋಹಾಲ್ ಬೇಡ ಎನ್ನುವವರಿಗೂ ಇದೇ ಸರಿ.

ಕಷ್ಟ ಇರುವುದು ಅಸಲಿ ಯಾವುದು ಅಂತ ಗುರುತಿಸುವುದರಲ್ಲಿ. ಒಂದು ಜಾತ್ರೆಯ ಅಂಗಡಿಯಲ್ಲಿ "ಗಂಧದೆಣ್ಣೆಯಲ್ಲೇ ಮಾಡಿದ್ದು" ಎಂದು 250 ರೂಪಾಯಿಗೆ 10 ಮಿಲಿ ಕೊಟ್ಟರು. ನಾನೂ ತಗೊಂಡೆ. ಮುಂದಿನ ವಾರದ ಉಪನಯನಕ್ಕೆ ಉಟ್ಟ ಸೀರೆಯ ಸೆರಗಿನ ಮೇಲೆ ಈಗಲೂ ನಾಲ್ಕಾಣೆ ಅಗಲದ ಕಲೆ ಇದೆ. ಪರಿಮಳ ಊಟದ ಹೊತ್ತಿಗೆ ಹೋಗಿತ್ತು, ಪ್ಯಾರಫಿನ್ ಜಿಡ್ಡು ಮಾತ್ರ ಉಳಿಯಿತು. ಲೆಕ್ಕ ಹಾಕಿದ್ದರೆ ಅಲ್ಲೇ ತಿಳಿಯುತ್ತಿತ್ತು. ಒಳ್ಳೆಯ ಶ್ರೀಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿಯ ಮೇಲೆ. ಅಂದರೆ 10 ಮಿಲಿಗೆ ಬರೀ ಎಣ್ಣೆಯದೇ ಸಾವಿರ ದಾಟುತ್ತದೆ. 250ಕ್ಕೆ ಅದು ಹೇಗೆ ಬರುತ್ತದೆ?

ಬೇರೆ ಎಣ್ಣೆಯಲ್ಲಿ ಮಾಡಿದ ಶಮಾಮ ಮೋಸ ಎಂದೇನಲ್ಲ. ಅದನ್ನು ಹಾಗೆಂದು ಹೇಳಿ ಮಾರಿದರೆ ಸಾಕು. ಶಿರಸಿ, ಕುಮಟಾ, ಹೊನ್ನಾವರದಲ್ಲಿ ಗಂಧ ಕೆತ್ತುವ ಗುಡಿಗಾರರ ಮನೆಯಲ್ಲಿ ಗಂಧದ ಚಕ್ಕೆ ಮೂಸಿದವರಿಗೆ ನಿಜವಾದ ಗಂಧದ ತಂಪು, ಆ ಹಾಲಿನಂಥ ಮೆದು ಗೊತ್ತಿರುತ್ತದೆ. ಆ ನೆನಪು ಇಟ್ಟುಕೊಂಡು ಅಂಗಡಿಗೆ ಹೋಗಿ. ಮೊದಲಿಗೆ 2 ಅಥವಾ 3 ಮಿಲಿ ಮಾತ್ರ ತಗೊಳ್ಳಿ. ಹಚ್ಚುವುದು ಮುಂಗೈಗೆ, ಕಿವಿಯ ಹಿಂದೆ. ಬಟ್ಟೆಗೆ ಬೇಡ.

ಇದರಲ್ಲಿ ಮೆಣಸಿನ ಚುರುಕು ಇಲ್ಲ ಅನ್ನುವುದು ನೆನಪಿರಲಿ. ಗೋದಾಮು ಇದೆ, ಹಡಗು ಇಲ್ಲ ಅನ್ನಬಹುದು.

ದುಬೈಯಿಂದ ಬರುವ ಸ್ಪ್ರೇ

ಭಟ್ಕಳದ ಪೇಟೆಯಲ್ಲಿ ಓಡಾಡಿದವರಿಗೆ ಈ ವಾಸನೆ ಹೊಸದಲ್ಲ. ಗಲ್ಫಿನಲ್ಲಿ ದುಡಿಯುವವರ ಸೂಟ್‌ಕೇಸಿನಲ್ಲಿ ಖರ್ಜೂರದ ಜೊತೆ ಒಂದೆರಡು ಬಾಟಲಿ ಬಂದೇ ಬರುತ್ತದೆ. ಲತಾಫಾ, ರಸಾಸಿ, ಸ್ವಿಸ್ ಅರೇಬಿಯನ್, ಅಜ್ಮಲ್. ಇದರಲ್ಲಿ ಅಜ್ಮಲ್ ಅಸ್ಸಾಮಿನ ಅಗರು ವ್ಯಾಪಾರದಿಂದ ಬೆಳೆದ ಮನೆತನದ್ದು, 1951ರಿಂದ ಇದೆ. ಹೆಚ್ಚಿನವುಗಳಲ್ಲಿ ಕೇಸರಿ, ಏಲಕ್ಕಿ, ಗುಲಾಬಿ, ಅಂಬರ್, ಊದ್ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ.

ಊದ್ ಅಂದರೆ ಅಗರು ಮರಕ್ಕೆ ಬೂಸ್ಟು ತಗುಲಿದಾಗ ಒಳಗೆ ಕಟ್ಟುವ ಕಪ್ಪು ರಾಳ. ನಿಜವಾದದ್ದು ಗ್ರಾಂ ಲೆಕ್ಕದಲ್ಲಿ ಮಾರುವ ಸರಕು. ಎರಡು ಮೂರು ಸಾವಿರದ 100 ಮಿಲಿ ಸ್ಪ್ರೇಯಲ್ಲಿ ಇರುವುದು ಪ್ರಯೋಗಾಲಯದಲ್ಲಿ ಮಾಡಿದ ಊದ್. ಅದರಲ್ಲಿ ತಪ್ಪಿಲ್ಲ. ಕೊಟ್ಟ ದುಡ್ಡಿಗೆ ಇಷ್ಟು ಬಾಳಿಕೆ ಬರುವುದು ಇನ್ನೊಂದಿಲ್ಲ. ಬೆಳಗ್ಗೆ ಎಂಟಕ್ಕೆ ಹೊಡೆದದ್ದು ರಾತ್ರಿ ಎಂಟಕ್ಕೂ ಅಂಗಿಯಲ್ಲಿ ಇರುತ್ತದೆ.

ನನ್ನ ತಕರಾರು ಸಿಹಿಯ ಬಗ್ಗೆ. ಇವುಗಳಲ್ಲಿ ಬಹುಪಾಲು ಮರುಭೂಮಿಯ ಒಣ ಗಾಳಿಗೆ, ಎಸಿ ಮಾಲಿಗೆ ಸರಿ. ನಮ್ಮ ಮೇ ತಿಂಗಳಿಗಲ್ಲ. ಕಾರವಾರದಲ್ಲಿ ಹಗಲು ಎರಡು ಸಲ ಒತ್ತಿದರೆ ಸಾಕು, ಅದೂ ಅಂಗಿಯ ಒಳಗೆ. ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ವೆನಿಲ್ಲಾ, ಕ್ಯಾರಮೆಲ್, ಪ್ರಲೀನ್ ಎಂದಿದ್ದರೆ ಕರಾವಳಿಯವರು ಕೆಳಗಿಡಿ, ಶಿರಸಿಯವರು ಬೇಕಾದರೆ ಎತ್ತಿಕೊಳ್ಳಿ. ಲುಬಾನ್, ದೇವದಾರು, ವೆಟಿವರ್ ಅಂದರೆ ಲಾವಂಚ, ಇವು ಇದ್ದರೆ ಘಟ್ಟದ ಕೆಳಗೂ ನಡೆಯುತ್ತದೆ.

ಅಪ್ಪಯ್ಯನ ಓಲ್ಡ್ ಸ್ಪೈಸ್

ನಗಬೇಡಿ. ಹಳೇ ವ್ಯಾಪಾರದ ನೆನಪಿನಲ್ಲಿ ಮಾಡಿದ ಸೆಂಟು ಅಂದರೆ ಜನಕ್ಕೆ ಹೆಚ್ಚು ಗೊತ್ತಿರುವುದು ಇದೇ. ಅಮೆರಿಕದ ಶುಲ್ಟನ್ ಕಂಪನಿ 1938ರಲ್ಲಿ ಗಂಡಸರಿಗೆಂದು ತಂದದ್ದು. ಬಾಟಲಿ ಮೇಲಿನ ಹಾಯಿ ಹಡಗು ಸುಮ್ನೆ ಬರೆದ ಚಿತ್ರ ಅಲ್ಲ, ಹಳೇ ಕಾಲದ ನಿಜವಾದ ವ್ಯಾಪಾರಿ ಹಡಗುಗಳದೇ. ಅದರಲ್ಲಿ ಗ್ರ್ಯಾಂಡ್ ಟರ್ಕ್ ಎಂಬುದು ಸೇಲಂ ಬಂದರಿನದು. ತಮಿಳುನಾಡಿನ ಸೇಲಂ ಅಲ್ಲ, ಅಮೆರಿಕದ್ದು. ಸುಮಾತ್ರಾದಿಂದ ಕಾಳುಮೆಣಸು ತಂದು ಶ್ರೀಮಂತವಾದ ಊರು ಅದು. ನಮ್ಮ ಮೆಣಸಿಗೆ ಎದುರಾಳಿ ಅನ್ನಿ.

ಅಪ್ಪಯ್ಯ ವಾರಕ್ಕೆ ಎರಡು ಸಲ ಗಡ್ಡ ಹೆರೆಯುತ್ತಿದ್ದರು. ಬಿಳಿ ಬಾಟಲಿ ಅಂಗೈಗೆ ಕವುಚಿ, ಎರಡೂ ಕೆನ್ನೆಗೆ ಟಪಟಪ ತಟ್ಟಿಕೊಂಡು, ಉರಿ ತಡೆಯಲು ಬಾಯಲ್ಲಿ ಉಸಿರು ಎಳೆಯುತ್ತಿದ್ದರು. ಲವಂಗ, ದಾಲ್ಚಿನ್ನಿ, ಸ್ವಲ್ಪ ಕಿತ್ತಳೆ. ತಳದಲ್ಲಿ ವೆನಿಲ್ಲಾ ಮತ್ತು ರಾಳದ ಪುಡಿಪುಡಿ ಪರಿಮಳ. ಮೆತ್ತಿಯಲ್ಲಿ ಒಣಗಿದ ಮೆಣಸಿನ ಚೀಲ ಇರುತ್ತಿತ್ತು, ಎರಡೂ ಬೆರೆತು ನನಗೆ ಈಗಲೂ ಅದು ಒಂದೇ ವಾಸನೆ.

ಆಫ್ಟರ್‌ಶೇವ್ ಒಂದು ಗಂಟೆಗಿಂತ ಜಾಸ್ತಿ ನಿಲ್ಲುವುದಿಲ್ಲ. ಬೇಸಿಗೆ ಬೆಳಗ್ಗೆಗೆ ಅದೇ ಗುಣ. ಯಾರಿಗೂ ತೊಂದರೆ ಇಲ್ಲ, ಬೇಕಾದರೆ ಮಧ್ಯಾಹ್ನ ಮತ್ತೆ ಹಚ್ಚಬಹುದು. ಗಾಯ, ಮೊಡವೆ ಇದ್ದವರಿಗೆ ಉರಿಯುತ್ತದೆ. ಹೆಂಗಸರು ಹಚ್ಚಬಾರದು ಎಂದು ಯಾರೂ ಬರೆದಿಟ್ಟಿಲ್ಲ, ನಾನು ಹಚ್ಚುತ್ತೇನೆ.

ದುಬಾರಿ ಬಾಟಲಿಗಳು

ಇಪ್ಪತ್ತು ಸಾವಿರ, ಮೂವತ್ತು ಸಾವಿರದ ಬಾಟಲಿ ಬಗ್ಗೆ ಬರೆಯುವುದು ಸ್ವಲ್ಪ ಸಂಕೋಚದ ವಿಷಯ. ಆದರೂ ಈ ಬಗೆಯ ಪರಿಮಳದಲ್ಲಿ ಒಳ್ಳೆಯ ಕೆಲಸ ಆಗಿರುವುದು ಇಲ್ಲೇ.

ಓಮಾನಿನ ಅಮುವಾಜ್ 1983ರಲ್ಲಿ ಶುರುವಾದದ್ದು. ಲುಬಾನ್ ಅವರ ನೆಲದ ಬೆಳೆ, ಧೋಫಾರಿನದು. ಅವರ ಇಂಟರ್‌ಲ್ಯೂಡ್ ಮ್ಯಾನ್ ಆಲ್‌ಸ್ಪೈಸ್ ಎಂಬ ಮಸಾಲೆ ಕಾಯಿ, ಓರೆಗಾನೋ ಸೊಪ್ಪಿನಿಂದ ಶುರುವಾಗಿ ಹೊಗೆ, ಅಂಬರ್, ಲುಬಾನ್, ಚರ್ಮಕ್ಕೆ ಇಳಿಯುತ್ತದೆ. ಅದ್ಭುತ ಅನ್ನುತ್ತೇನೆ. ಆದರೆ ಅದನ್ನು ಹಾಕಿಕೊಂಡು ಕಾರವಾರದ ಆಫೀಸಿಗೆ ಹೋಗುವವರು ಮೊದಲು ರಜೆ ಅರ್ಜಿ ಬರೆದಿಡಿ. ಒಂದೇ ಸಲ ಒತ್ತಿದರೂ ಕೋಣೆ ತುಂಬುತ್ತದೆ. ಶಿರಸಿಯಲ್ಲಿ ಡಿಸೆಂಬರ್ ರಾತ್ರಿ, ಬಯಲಲ್ಲಿ ಯಕ್ಷಗಾನ ನೋಡಲು ಕಂಬಳಿ ಹೊದ್ದು ಕೂರುವಾಗ ಮಾತ್ರ ಇದಕ್ಕೆ ಸಾಟಿ ಇಲ್ಲ.

ಲಂಡನ್ನಿನ ಪೆನ್‌ಹ್ಯಾಲಿಗನ್ಸ್ 2014ರಲ್ಲಿ ವ್ಯಾಪಾರ ಮಾರ್ಗಗಳ ಹೆಸರಲ್ಲೇ ಒಂದು ಸಾಲು ತಂದರು. ಲಂಡನ್ ಬಂದರಿಗೆ ಬರುತ್ತಿದ್ದ ಸರಕಿನ ನೆನಪು ಅದರ ಕಥೆ. ಆ ಸಾಲಿನ ಹಾಲ್ಫೆಟಿಗೆ ಯೂಫ್ರೆಟಿಸ್ ದಡದ ಟರ್ಕಿಯ ಊರಿನ ಹೆಸರು. ಕೇಸರಿ, ಗುಲಾಬಿ, ಚರ್ಮ, ಊದ್. ಚಂದವೇ. ಆದರೆ ಹಡಗಿನಿಂದ ಇಳಿದ ಸರಕಿಗಿಂತ ಅದನ್ನು ಕೊಂಡ ಸಾಹುಕಾರನ ಬೈಠಕ್‌ಖಾನೆ ಜಾಸ್ತಿ ಕಾಣಿಸುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅರ್ಮಾನಿ ಪ್ರಿವೆಯ ಬ್ವಾ ದಾನ್ಸಾನ್ಸ್. ಮೆಣಸು, ಲುಬಾನ್, ಲಾವಂಚ, ದೇವದಾರು. ಹೆಚ್ಚೇನಿಲ್ಲ. ಒಂದು ಹನಿ ಸಿಹಿಯೂ ಇಲ್ಲ. ಕುಟ್ಟಾಣಿಯಲ್ಲಿ ಒಡೆದ ಮೆಣಸನ್ನು ಆರಿದ ಧೂಪದ ಬೂದಿ ಪಕ್ಕ ಇಟ್ಟ ಹಾಗೆ. ಕರಾವಳಿಯ ಸೆಕೆಯಲ್ಲೂ ಗಬ್ಬೇಳುವುದಿಲ್ಲ.

ಪೂರ್ತಿ ಬಾಟಲಿ ಕೊಳ್ಳಬೇಡಿ. ದೊಡ್ಡ ಬಾಟಲಿಯಿಂದ 2, 5, 10 ಮಿಲಿ ತೆಗೆದು ಸಣ್ಣ ಶೀಷೆಯಲ್ಲಿ ಮಾರುತ್ತಾರೆ, ಡಿಕ್ಯಾಂಟ್ ಅನ್ನುತ್ತಾರೆ. ಗೊತ್ತಿದ್ದವರಿಂದ ಮಾತ್ರ ತರಿಸಿ. 5 ಮಿಲಿಯಲ್ಲಿ ಐವತ್ತು ಸಲ ಒತ್ತಬಹುದು. ಅಷ್ಟರೊಳಗೆ ಅದು ನಿಮ್ಮದೋ ಅಲ್ಲವೋ ತಿಳಿದಿರುತ್ತದೆ.

ಮೈಗೆ ಬೇಡ, ಬಟ್ಟೆಗೆ ಹೊಗೆ

ಬಾಣಂತಿ ಕೋಣೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತಲೆಸ್ನಾನ ಆದ ಮೇಲೆ ಕೆಂಡಕ್ಕೆ ಲೋಬಾನ ಹಾಕಿ, ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡುತ್ತಿದ್ದರು. ಅರಬರ ಬಖೂರ್ ಕೂಡ ಇದೇ ಪದ್ಧತಿ, ಬಟ್ಟೆಗೆ ಹಿಡಿಯುತ್ತಾರೆ ಅಷ್ಟೇ.

ನಮ್ಮ ಘಟ್ಟದ ಕಾಡಿನದೇ ಹಾಲುಮಡ್ಡಿ ಇದೆ. ಮರಕ್ಕೆ ಗಾಯವಾದಾಗ ಸುರಿಯುವ ಬೂದುಬಣ್ಣದ ಮೆತ್ತನೆ ಅಂಟು. ಹಳೇ ಕಾಲದ ಊದುಬತ್ತಿಗೆ ಅದೇ ಜೀವಾಳ. ಗಾಳಿಯ ತೇವ ಎಳೆದುಕೊಳ್ಳುವುದರಿಂದ ಹಾಲುಮಡ್ಡಿ ಹಾಕಿದ ಬತ್ತಿ ಮುಟ್ಟಿದರೆ ಮೆದು ಇರುತ್ತದೆ. ಇದರ ಹೊಗೆಯಲ್ಲಿ ಹಾಲು, ಜೇನು, ಒಣಹುಲ್ಲು ಎಲ್ಲ ಇವೆ. ಕಪ್ಪು ಧೂಪ ಇನ್ನೊಂದು. ಅದು ಚೂಪು, ಕರ್ಪೂರದ ದಾರಿಯದು. ಎರಡನ್ನೂ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳಿ. ದಯವಿಟ್ಟು ಕಾಡಿನ ಮರಕ್ಕೆ ನೀವೇ ಕತ್ತಿ ಹಾಕಬೇಡಿ. ಬುಡಕ್ಕೆ ಬೆಂಕಿ ಹಾಕಿ ಧೂಪ ಇಳಿಸಿದ ಮರ ಉಳಿಯುವುದೇ ಕಷ್ಟ.

ಕೆಂಡಕ್ಕೆ ಒಂದು ಚೂರು ಹಾಲುಮಡ್ಡಿ, ಒಂದು ಲವಂಗ, ಒಡೆದ ಎರಡು ಮೆಣಸು. ಮೆಣಸು ಜಾಸ್ತಿಯಾದರೆ ಮನೆಯವರೆಲ್ಲ ಕೆಮ್ಮುತ್ತಾರೆ, ನಾನು ನೋಡಿದ್ದೇನೆ. ಹತ್ತಿ ಸೀರೆ, ಶಾಲು, ಅಂಗಿ ಒಂದು ಮೊಳ ಮೇಲೆ ಹಿಡಿದರೆ ಐದು ನಿಮಿಷ ಸಾಕು. ಕಲೆ ಆಗುವುದಿಲ್ಲ, ಚರ್ಮಕ್ಕೆ ಏನೂ ತಾಗುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಗೆ ಬರುವ ಮುಗ್ಗಲು ವಾಸನೆಗೂ ಇದೇ ಮದ್ದು. ಮನೆಯಲ್ಲಿ ಉಬ್ಬಸದವರು, ಎಳೆ ಮಗು ಇದ್ದರೆ ಮಾತ್ರ ಬೇಡ. ಹಳೇ ಪದ್ಧತಿ ಎಂದ ಮಾತ್ರಕ್ಕೆ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಾಗುವುದಿಲ್ಲ.

ದಿನಕ್ಕೆ ಎಷ್ಟು?

ಸ್ಪ್ರೇ ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿ. 100 ಮಿಲಿಯಲ್ಲಿ ಸಾವಿರ ಸಲ. 2500 ರೂಪಾಯಿಯ ಗಲ್ಫ್ ಬಾಟಲಿಯಲ್ಲಿ ಒಮ್ಮೆಗೆ ಎರಡೂವರೆ ರೂಪಾಯಿ, ದಿನಕ್ಕೆ ಎರಡು ಸಲಕ್ಕೆ ಐದು. ಅತ್ತರು ಮಿಲಿಗೆ ಸುಮಾರು ಇಪ್ಪತ್ತು ಹನಿ. 10 ಮಿಲಿ 2000 ರೂಪಾಯಿ ಎಂದರೆ ಹನಿಗೆ ಹತ್ತು ರೂಪಾಯಿ. ದಿನಕ್ಕೆ ಒಂದು ಹನಿ ಸಾಕು. ಆಫ್ಟರ್‌ಶೇವ್ ಅಂಗೈಗೆ ಸುರಿದರೆ 2 ಮಿಲಿ ಹೋಗುತ್ತದೆ. 100 ಮಿಲಿ 300 ರೂಪಾಯಿ ಎಂದು ಹಿಡಿದರೂ ಒಮ್ಮೆಗೆ ಆರು ರೂಪಾಯಿ, ಅದೂ ಒಂದು ಗಂಟೆಗೆ. ಅಗ್ಗದ್ದು ಎಂದುಕೊಂಡದ್ದು ಅಷ್ಟೇನೂ ಅಗ್ಗ ಅಲ್ಲ. 25,000ದ 100 ಮಿಲಿ ಬಾಟಲಿಯಲ್ಲಿ ಒಮ್ಮೆಗೆ 25 ರೂಪಾಯಿ. ವಾರಕ್ಕೆ ಒಂದು ದಿನ ಎರಡು ಸಲ ಒತ್ತುವವರಿಗೆ 5 ಮಿಲಿ ಶೀಷೆ ಆರು ತಿಂಗಳು ಬರುತ್ತದೆ. ಹೊಗೆಗೆ ಲೆಕ್ಕವೇ ಬೇಡ.

ಪರೀಕ್ಷೆ ಮಾಡುವ ಕ್ರಮ ಒಂದೇ. ಅಂಗಡಿಯ ಕಾಗದದ ಪಟ್ಟಿ ನಂಬಬೇಡಿ, ಅದರಲ್ಲಿ ಮೆಣಸು ಮಾತ್ರ ಮಾತಾಡುತ್ತದೆ. ಮೊಣಕೈ ಒಳಬದಿಗೆ ಹಚ್ಚಿ ಹೊರಗೆ ನಡೆಯಿರಿ, ಬಸ್ಸಿನಲ್ಲಿ ಕೂರಿ, ಬೆವರಿ. ನಾಲ್ಕು ಗಂಟೆ ಬಿಟ್ಟು ಉಳಿದದ್ದು ಹಿಡಿಸಿದರೆ ಮಾತ್ರ ದುಡ್ಡು ಕೊಡಿ. ಮರುದಿನ ಅಲ್ಲಿ ಕೆಂಪಾಗಿದ್ದರೆ ಎಷ್ಟು ಹಿಡಿಸಿದ್ದರೂ ಬೇಡ. ಲವಂಗ, ದಾಲ್ಚಿನ್ನಿ ಎಣ್ಣೆಯನ್ನು ಮನೆಯಲ್ಲಿ ಬೆರೆಸಿ ನೇರ ಮೈಗೆ ಹಚ್ಚುವ ಸಾಹಸ ಅಂತೂ ಬೇಡವೇ ಬೇಡ.

ಆ ಮೂವರಿಗೆ ನಾನು ಹೇಳಿದ್ದು ಇಷ್ಟು. ಅಕ್ಕನ ಮಗನಿಗೆ ಮುಹೂರ್ತದ ಬೆಳಗ್ಗೆ ಏನೂ ಬೇಡ ಎಂದೆ. ಹೋಮದ ಹೊಗೆಯಲ್ಲಿ ಎರಡು ತಾಸು ಕೂರುವವನಿಗೆ ಸೆಂಟು ಯಾಕೆ? ಗಡ್ಡ ಹೆರೆದ ಮೇಲೆ ಓಲ್ಡ್ ಸ್ಪೈಸ್ ಸಾಕು. ಸಂಜೆಯ ಆರತಕ್ಷತೆಗೆ ಲುಬಾನ್ ಜಾಸ್ತಿ ಇರುವ ಗಲ್ಫ್ ಸ್ಪ್ರೇಯ ಸಣ್ಣ ಬಾಟಲಿ, ಎರಡೇ ಸಲ. ಎರಡು ಸಾವಿರದೊಳಗೆ ಎರಡೂ ಮುಗಿಯಿತು. ಅವನು ಐದು ಸಲ ಹೊಡೆದುಕೊಂಡಿದ್ದ, ಫೋಟೋ ತೆಗೆಯುವವನು ಸೀನುತ್ತಲೇ ಇದ್ದ.

ಆಫೀಸಿನವರು ಬ್ವಾ ದಾನ್ಸಾನ್ಸ್ 5 ಮಿಲಿ ತರಿಸಿದ್ದಾರೆ. ಅಂಗಿಯ ಒಳಗೆ ಒಮ್ಮೆ ಮಾತ್ರ ಒತ್ತುತ್ತಾರೆ. ಪಕ್ಕದ ಟೇಬಲ್ಲಿನಿಂದ ಇದುವರೆಗೆ ದೂರು ಬಂದಿಲ್ಲ.

ಶಿರಸಿಯ ಗೆಳತಿಗೆ ಶಮಾಮ 2 ಮಿಲಿ ಮತ್ತು ನಿಂಬೆಹಣ್ಣಿನ ಗಾತ್ರದ ಹಾಲುಮಡ್ಡಿ ಉಂಡೆ ಕಳಿಸಿದೆ. ಶಮಾಮ ಮೊದಲ ದಿನ ಅವಳಿಗೂ ಕಷಾಯದ ಹಾಗೇ ಅನ್ನಿಸಿತಂತೆ. ಹಾಲುಮಡ್ಡಿ ಹೊಗೆ ಹಿಡಿದ ಶಾಲನ್ನು ಮಗಳು ಎತ್ತಿಕೊಂಡು ಹೋಗಿದ್ದಾಳೆ, ವಾಪಸ್ ಕೊಡುತ್ತಿಲ್ಲ. "ಶೀಷೆ ಮುಗಿಯಲಿ, ಆಮೇಲೆ ನೋಡುವಾ" ಎಂದು ನಿನ್ನೆ ಫೋನಿನಲ್ಲಿ ಹೇಳಿದಳು. ಶೀಷೆ ಇನ್ನೂ ಮುಕ್ಕಾಲು ಇದೆ.